ಎರಡು ಬೆರಳು ನೀರು

ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಗಾಜಿನ ಭರಣಿ ಇದೆ. ಅಗಲ ಬಾಯಿಯದು, ಐದು ಕಿಲೋ ಉಪ್ಪಿನಕಾಯಿ ಆರಾಮಾಗಿ ಹಿಡಿಯುವಂಥದು. ಹೊರಮೈ ಮೇಲೆ ಕೆಂಪು ನೈಲ್‌ಪಾಲಿಶಿನಲ್ಲಿ ಎಳೆದ ಎರಡು ಗೆರೆಗಳಿವೆ, ನಡುವೆ ಎರಡು ಬೆರಳಿನಷ್ಟು ಜಾಗ. ಮಾವಿನಕಾಯಿ ಮಾರ್ಕೆಟ್ಟಿಗೆ ಬಂದಾಗಿನಿಂದ ಅಮ್ಮ ಅದರ ಮೇಲೆ ಕಣ್ಣಿಟ್ಟಿದ್ದಾಳೆ.

"ಸುಮ್ನೆ ಖಾಲಿ ಕೂತಿದೆ. ಬಿಸಿನೀರಲ್ಲಿ ತೊಳ್ದು ಕಾಯಿ ಹಾಕ್ತೀನಿ ಕಣೇ."

"ಅದನ್ನ ಮಾತ್ರ ಮುಟ್ಬೇಡಮ್ಮ."

"ಅದೇನು ದೇವರ ಕಳಸನಾ?"

ಅಲ್ಲ. ಅದು ಶಿವಾಜಿನಗರದ ಒಂದು ರಿಪೇರಿ ಅಂಗಡಿಯ ಭರಣಿ. ಅದರ ಯಜಮಾನರು ಈ ವರ್ಷ ಯುಗಾದಿ ಕಳೆದ ಮೇಲೆ ತೀರಿಕೊಂಡರು. ನಾನು ಆಗ ಮುರುಡೇಶ್ವರದ ಕಡೆ ಸಮುದ್ರದ ಕೆಲಸದಲ್ಲಿದ್ದೆ, ಸುದ್ದಿ ಮುಟ್ಟಿದ್ದು ಒಂದು ವಾರ ತಡವಾಗಿ. ಊರಿಗೆ ಬಂದವಳು ನೇರ ಹಲಸೂರಿನ ಅವರ ಮನೆಗೆ ಹೋದೆ. ಸೊಸೆ ಒಳಗಿನಿಂದ ಈ ಭರಣಿ ತಂದು ಕೈಗಿಟ್ಟರು. "ಅಬ್ಬಾ ಹೇಳಿದ್ರು, ಇದು ಆ ಮೀನು ಎಣಿಸೋ ಹುಡುಗೀಗೆ ಅಂತ" ಅಂದರು. ಮಾವನನ್ನು ಅವರು ಕರೆಯುತ್ತಿದ್ದದ್ದೇ ಅಬ್ಬಾ ಅಂತ.

ಮೀನು ಎಣಿಸೋ ಹುಡುಗಿ ನಾನೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಅವರು ಬರೆಸಿರಲಿಲ್ಲ. 'ಗ್ಯಾಸ್ ಗೇಜ್ ರಿಪೇರಿ' ಅಂತಷ್ಟೇ ಇತ್ತು. ಕೇಳಿದರೆ, "ಕೆಟ್ಟಿರೋದು ಅವರ ಗೇಜು ಮಾ, ನನ್ನ ಹೆಸರು ತಗೊಂಡು ಏನ್ಮಾಡ್ತಾರೆ" ಅನ್ನುತ್ತಿದ್ದರು.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ಹೇಗೆ ಅನ್ನುವುದನ್ನು ಹೇಳಬೇಕಾದರೆ ನನ್ನ ಕಥೆ ಸ್ವಲ್ಪ ಹೇಳಬೇಕಾಗುತ್ತದೆ. ಕೃಷ್ಣರಾಜಪುರದ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುವವರ ಮಗಳು ನಾನು. ನಮ್ಮ ಕುಲದಲ್ಲಿ ಡಿಗ್ರಿ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸಂಕೋಚ ಪಡುವಷ್ಟು ಸುಲಭವಾಗಿ ಅದು ಸಿಕ್ಕಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಸರ್ಟಿಫಿಕೇಟಿಗೆ ಅಪ್ಪ ಫ್ರೇಮು ಹಾಕಿಸಿ ಗೋಡೆಯಲ್ಲಿದ್ದ ನೀಲಿ ಕೋಟಿನ ಪಟದ ಕೆಳಗೆ ಮೊಳೆ ಹೊಡೆದ. ನಮ್ಮಜ್ಜಿ ಊರ ಬಾವಿಯ ಕಟ್ಟೆ ಹತ್ತಿದವಳಲ್ಲ. ದೂರ ನಿಂತು, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಕೊಡ ಹಿಡಿದವಳು. ಅವಳ ಮೊಮ್ಮಗಳು ಹಲಸೂರಿನ ಈಜುಕೊಳದಲ್ಲಿ ಈಜು ಕಲಿತು, ಫೆಲೋಶಿಪ್ಪಿನ ಹಣದಲ್ಲಿ ಡೈವಿಂಗ್ ಕೋರ್ಸು ಮುಗಿಸಿ, ಸಮುದ್ರದ ತಳದ ಮೀನುಗಳನ್ನು ಲೆಕ್ಕ ಹಾಕುವ ಒಂದು ಸಂಶೋಧನಾ ತಂಡಕ್ಕೆ ಅರ್ಜಿ ಹಾಕಿದಳು.

ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಅವರು ನನ್ನನ್ನು ಎರಡು ಟ್ರಿಪ್ಪಿನ ಮಟ್ಟಿಗೆ ತೆಗೆದುಕೊಂಡರು. ಆ ಎರಡರಲ್ಲಿ ಸೈ ಅನ್ನಿಸಿಕೊಂಡರೆ ನೀರಿನ ಕೆಲಸ, ಇಲ್ಲದಿದ್ದರೆ ದಡದಲ್ಲಿ ಕಂಪ್ಯೂಟರ್ ಮುಂದೆ ಇತರರು ಎಣಿಸಿ ತಂದದ್ದನ್ನು ತುಂಬುವ ಕೆಲಸ.

ಮೊದಲ ಟ್ರಿಪ್ಪಿನಲ್ಲಿ ನಾನು ಕೆಟ್ಟೆ. ಹನ್ನೆರಡು ಮೀಟರ್ ಆಳ, ನೀರು ತಿಳಿಯಾಗಿತ್ತು, ಮೀನು ಬೇಕಾದಷ್ಟಿದ್ದವು. ಅರ್ಧ ಗಂಟೆಯಾಗುವಷ್ಟರಲ್ಲಿ ಹಣೆಯ ಎರಡೂ ಕಡೆ ಯಾರೋ ಸುತ್ತಿಗೆಯಲ್ಲಿ ಹೊಡೆದಂತಾಯಿತು. ನೀರಿನಲ್ಲಿ ಬರೆಯುವ ಪ್ಲಾಸ್ಟಿಕ್ ಹಲಗೆಯ ಮೇಲೆ ಅರ್ಧ ಸಾಲುಗಳು ಖಾಲಿ. ದೋಣಿಗೆ ಹತ್ತಿ ವಾಂತಿ ಮಾಡಿಕೊಂಡೆ. ಎರಡನೆಯ ದಿನವೂ ಹಾಗೇ ಆಯಿತು. ಮೇಡಂ ಬೈಯಲಿಲ್ಲ. "ಮುಂದಿನ ಸಲಾನೂ ಹಿಂಗೇ ಆದ್ರೆ ನೀನು ಮೇಲೇ ಇರು. ಬೇಜಾರು ಮಾಡ್ಕೋಬೇಡ, ಎಲ್ಲರ ಮೈಗೂ ಇದು ಒಗ್ಗಲ್ಲ" ಅಂದರು.

ಮೈಗೆ ಒಗ್ಗಲ್ಲ ಅನ್ನುವ ಮಾತು ನಮ್ಮಂಥವರಿಗೆ ಹೊಸದಲ್ಲ. ಇಂಗ್ಲಿಷ್ ಒಗ್ಗಲ್ಲ, ಸೈನ್ಸ್ ಒಗ್ಗಲ್ಲ ಅಂತ ಅನ್ನಿಸಿಕೊಂಡೇ ಅಲ್ಲಿವರೆಗೆ ಬಂದಿದ್ದೆ. ತಪ್ಪು ನನ್ನದಲ್ಲ, ಬಾಡಿಗೆಗೆ ತಂದ ರೆಗ್ಯುಲೇಟರಿನದು ಅಂತ ತೀರ್ಮಾನಿಸಿದೆ.

ರೆಗ್ಯುಲೇಟರ್ ಅಂದರೆ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು ಪಳಗಿಸಿ, ನಾವು ಎಳೆದಾಗ ಎಳೆದಷ್ಟನ್ನು ಬಾಯಿಗೆ ಕೊಡುವ ಉಪಕರಣ. ಸಿಲಿಂಡರಿನ ತಲೆಗೆ ಒಂದು ತುಂಡು, ಬಾಯಿಗೆ ಒಂದು ತುಂಡು, ನಡುವೆ ಕೊಳವೆ. ನಮ್ಮ ತಂಡದಲ್ಲಿ ದೋಣಿ, ಸಿಲಿಂಡರ್ ಎಲ್ಲ ಅವರೇ ಕೊಡುತ್ತಾರೆ, ಬಾಯಿಗೆ ಕಚ್ಚಿಕೊಳ್ಳುವುದು ಮಾತ್ರ ಅವರವರದ್ದೇ ಇರಬೇಕು. ಸಲಕರಣೆಗೆ ಅಂತ ಫೆಲೋಶಿಪ್ಪಿನಲ್ಲಿ ಒಂದಿಷ್ಟು ಹಣ ಬಂದಿತ್ತು. ಸರಿ, ಒಂದು ಒಳ್ಳೆಯದನ್ನು ಆರಿಸಿಕೊಂಡುಬಿಡೋಣ ಅಂತ ಹೊರಟೆ. ಡೈವಿಂಗ್ ಕಲಿಸಿದ ಹುಡುಗ ಹೇಳಿದ್ದ, "ಆನ್‌ಲೈನಲ್ಲಿ ತಗೋಬೇಡ ಗುರು. ಶಿವಾಜಿನಗರದಲ್ಲಿ ಒಬ್ಬರು ಮುದುಕರಿದಾರೆ. ರಿಪೇರಿನೂ ಮಾಡ್ತಾರೆ, ಕೆಲವು ಪೀಸ್ ಮಾರ್ತಾರೆ. ಆದ್ರೆ ಅವರಿಗೆ ಮನಸಿದ್ರೆ ಮಾತ್ರ."

ರಸೆಲ್ ಮಾರ್ಕೆಟ್ ದಾಟಿ, ಹಳೆ ಗಾಡಿಗಳ ಬಿಡಿಭಾಗ ಗುಡ್ಡೆ ಹಾಕಿದ ಗಲ್ಲಿಗಳಲ್ಲಿ ಮೂರು ಸಲ ದಾರಿ ತಪ್ಪಿ ಅಂಗಡಿ ಹುಡುಕಿದೆ. ಆಟೋ ನಿಲ್ಲಿಸುವಷ್ಟು ಜಾಗ. ಗೋಡೆ ತುಂಬ ಸಿಲಿಂಡರಿನ ಒತ್ತಡ ತೋರಿಸುವ ವೆಲ್ಡಿಂಗ್‌ನವರ ಗೇಜುಗಳು, ಫ್ರಿಜ್ ರಿಪೇರಿಯವರ ಮೀಟರುಗಳು. ಮೂಲೆಯಲ್ಲಿ ಸರಪಳಿ ಹಾಕಿ ನಿಲ್ಲಿಸಿದ ಒಂದು ಹಳದಿ ಡೈವಿಂಗ್ ಸಿಲಿಂಡರ್. ಬಿಳಿ ಗಡ್ಡ, ಮೊಣಕೈವರೆಗೆ ಮಡಚಿದ ತೋಳು, ತೆಳ್ಳಗಿನ ಮನುಷ್ಯ. ರಬ್ಬರ್ ಉಂಗುರಗಳನ್ನು ವೀಳ್ಯದೆಲೆಯ ಡಬ್ಬಿಯಿಂದ ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಅಂಕಲ್, ಸ್ಕೂಬಾ ರೆಗ್ಯುಲೇಟರ್ ಬೇಕಿತ್ತು."

ತಲೆ ಎತ್ತಲಿಲ್ಲ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿದರು, ಅಷ್ಟೆ. ಆಮೇಲೆ ಗೊತ್ತಾಯಿತು, ಮುಂಬೈ ಬಂದರಿನಲ್ಲಿ ಹಡಗುಗಳ ತಳಕ್ಕೆ ಅಂಟಿದ ಚಿಪ್ಪು ಕೆರೆಯುವ ಡೈವರ್ ಆಗಿ ಇಪ್ಪತ್ತು ವರ್ಷ ದುಡಿದವರು ಅವರು. "ಎಡಗಿವಿ ಬಾಂಬೇಲೇ ಬಿಟ್ಟು ಬಂದೆ" ಅನ್ನುತ್ತಿದ್ದರು, ರೈಲಿನಲ್ಲಿ ಕೊಡೆ ಮರೆತು ಬಂದವರ ಹಾಗೆ.

"ಅಂಕಲ್ ಅಂತ ಇಂದಿರಾನಗರದವರು ಕರೀತಾರೆ" ಅಂದರು. "ನೀನು ಎಲ್ಲಿಂದ ಬಂದೆ?"

"ಕೆ.ಆರ್. ಪುರಂ."

"ಹಂಗಾದ್ರೆ ಚಾಚಾ ಅನ್ನು. ಕೂತ್ಕೋ."

ನನ್ನ ಹತ್ತಿರ ಒಂದು ಪಟ್ಟಿ ಇತ್ತು. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೊಗಳಿದ್ದ ಒಂದು ವಿದೇಶಿ ಮಾಡೆಲ್ಲಿನ ಹೆಸರನ್ನು ಮೇಲೆಯೇ ಬರೆದಿದ್ದೆ. ಪುಣ್ಯಕ್ಕೆ ಅದೇ ಮಾಡೆಲ್ ಅವರ ಗಾಜಿನ ಕಪಾಟಿನಲ್ಲಿತ್ತು. ಮಿರಮಿರ ಮಿಂಚುವ ಲೋಹ, ಬಾಯಿಯ ತುಂಡಿನ ಪಕ್ಕದಲ್ಲಿ ತಿರುಗಿಸಲು ಒಂದು ನಾಬು.

"ಅದು ಕೊಡಿ ಚಾಚಾ."

"ಅದೇ ಯಾಕೆ?"

"ಈ ನಾಬು ಬಿಗಿ ಮಾಡಿದ್ರೆ ಗಾಳಿ ಕಮ್ಮಿ ಬರುತ್ತಲ್ವಾ? ಸಿಲಿಂಡರ್ ಜಾಸ್ತಿ ಹೊತ್ತು ಬರುತ್ತೆ."

ಆಗ ಮೊದಲ ಸಲ ಅವರು ತಲೆ ಎತ್ತಿ ನನ್ನ ಮುಖ ನೋಡಿದರು. ಎದ್ದು ಸೋಪು ಹಚ್ಚಿ ಬೆರಳ ಸಂದಿಯವರೆಗೂ ಕೈ ತೊಳೆದರು. ವೆಲ್ಡಿಂಗ್ ಗೇಜಿಗೆ ತೊಳೆಯದ ಕೈ ನಡೆಯುತ್ತಿತ್ತು. ಉಸಿರಾಡುವ ಸಾಮಾನು ಮುಟ್ಟುವ ಮುಂಚೆ ಮಾತ್ರ ತಪ್ಪದೆ ಕೈ ತೊಳೆಯುತ್ತಿದ್ದರು. ಕಪಾಟಿನಿಂದ ಆ ಮಿಂಚುವುದನ್ನು ತೆಗೆಯಲಿಲ್ಲ. ಕೆಳಗಿನ ಡ್ರಾಯರಿನಿಂದ ಗೀರು ಬಿದ್ದ, ಕಪ್ಪು ಪ್ಲಾಸ್ಟಿಕ್ಕಿನ, ನಾಬೇ ಇಲ್ಲದ ಒಂದು ಹಳೆಯ ರೆಗ್ಯುಲೇಟರ್ ತೆಗೆದು ಹಳದಿ ಸಿಲಿಂಡರಿಗೆ ಕೂಡಿಸಿದರು. ಭರಣಿಯಲ್ಲಿ ಮೇಲಿನ ಕೆಂಪು ಗೆರೆಯವರೆಗೆ ನೀರು ತುಂಬಿ, ಬಾಯಿಯ ತುಂಡನ್ನು ಅಂಗಾತ ಹಿಡಿದು ಮೆಲ್ಲಗೆ ಮುಳುಗಿಸುತ್ತಾ ಹೋದರು. ಅದರ ಬೆನ್ನು ಕೆಳಗಿನ ಗೆರೆಯನ್ನು ಮುಟ್ಟಿತೋ ಇಲ್ಲವೋ, ಸುಸ್ಸ್ ಅಂತ ಗಾಳಿ ಬಂತು.

"ಎರಡು ಬೆರಳು ನೀರಿನ ಭಾರ. ಅಷ್ಟು ಎಳೆದ್ರೆ ಸಾಕು, ಕೊಡುತ್ತೆ. ಇದಕ್ಕಿಂತ ಜಾಸ್ತಿ ಎಳೆಸ್ಕೊಂಡ್ರೆ ಅದು ಜಿಪುಣ. ಕಮ್ಮಿಗೇ ಬಂದ್ರೆ ಬಾಯಿಬಡುಕ, ಸುಮ್ನೆ ಸೋರ್ತಾ ಇರುತ್ತೆ. ಹಿಡಿ, ಬಾಯಿಗಿಟ್ಕೋ. ಉಸಿರಾಡು."

ಸ್ಟೂಲಿನ ಮೇಲೆ ಕೂತು ಉಸಿರಾಡಿದೆ. ಗಲ್ಲಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ಟೀ ಅಂಗಡಿಯವನು ಎರಡು ಗ್ಲಾಸು ಟೀ ತಂದಿಟ್ಟ. ಚಾಚಾ ತಮ್ಮ ಟೀ ಮುಟ್ಟಲಿಲ್ಲ. ಎದೆಯ ಮೇಲೆ ಕೈಕಟ್ಟಿ ನನ್ನನ್ನೇ, ಸಿಲಿಂಡರಿನ ಗೇಜನ್ನೇ ನೋಡುತ್ತಾ ನಿಂತರು. ಹತ್ತು ನಿಮಿಷವಾದರೂ ನಿಂತಿರಬೇಕು. ಟೀ ಚೆನ್ನಾಗಿಲ್ಲವೇನೋ ಅಂದುಕೊಂಡೆ.

ಕೊನೆಗೆ ಕೈಯೆತ್ತಿ ನಿಲ್ಲಿಸಿದರು. ರೆಗ್ಯುಲೇಟರಿನ ಬಗ್ಗೆ ಏನೋ ಕೇಳುತ್ತಾರೆ ಅಂದುಕೊಂಡರೆ, "ಕ್ಯಾ ಮಾ, ನಿಮ್ಮ ಮನೇಲಿ ಎಷ್ಟು ಜನ?" ಅಂದರು.

"ಏಳು ಜನ."

"ನೀರು?"

"ಮೂರು ದಿನಕ್ಕೊಂದ್ಸಲ ಬಿಡ್ತಾರೆ. ಯಾಕೆ?"

"ಅದಕ್ಕೇ" ಅಂದರು. "ಗಾಳೀನೂ ಉಳಿಸ್ತಾ ಇದೀಯ. ಎಳ್ಕೋತೀಯ, ಒಳಗೆ ಕಟ್ಟಿ ಇಟ್ಕೋತೀಯ, ಆಮೇಲೆ ಅರ್ಧ ಮನಸಿಂದ ಬಿಡ್ತೀಯ. ಕೆಳಗೆ ತಲೆನೋವು ಬರುತ್ತಾ?"

ನಾನು ತಲೆನೋವಿನ ವಿಷಯ ಅವರಿಗೆ ಹೇಳಿಯೇ ಇರಲಿಲ್ಲ.

"ಬರ್ದೇ ಇರುತ್ತಾ? ಕೆಟ್ಟ ಗಾಳಿ ಒಳಗೇ ನಿಂತ್ಬಿಟ್ರೆ ತಲೆ ಹೊಡೆಯುತ್ತೆ. ಅದೂ ಪರವಾಗಿಲ್ಲ. ಉಸಿರು ಕಟ್ಟಿ ಮೇಲೆ ಬಂದೆ ಅಂದ್ರೆ ಎದೆ ಒಳಗೇ ಹರಿದು ಹೋಗುತ್ತೆ, ಗೊತ್ತಾ? ಕೋರ್ಸಲ್ಲಿ ಹೇಳ್ಕೊಡ್ಲಿಲ್ವಾ?"

ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದೆ. 'ಎಂದಿಗೂ ಉಸಿರು ಕಟ್ಟಬಾರದು' ಅನ್ನುವುದು ಮೊದಲನೆಯ ನಿಯಮ. ಆದರೆ ನಾನು ಕಟ್ಟುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

"ಆ ಮಿಂಚೋದು ನಿಂಗೆ ಕೊಡಲ್ಲ" ಅಂದರು. "ನಾಬು ಕೆಟ್ಟದ್ದಲ್ಲ. ನಿನ್ನ ಕೈಗೆ ಸಿಕ್ರೆ ಅಷ್ಟೂ ಬಿಗಿ ಮಾಡಿ ಇಟ್ಕೋತೀಯ. ಈ ಹಳೇದು ತಗೋ."

ನನಗೆ ಉರಿಯಿತು. ಗೀರು ಬಿದ್ದದ್ದು ನನಗೆ, ಮಿಂಚುವುದು ಇಂದಿರಾನಗರದವರಿಗೆ. ಈ ಲೆಕ್ಕ ನಾನು ಶಾಲೆಯಿಂದ ನೋಡಿಕೊಂಡು ಬಂದವಳು.

"ನನ್ನ ಹತ್ರ ದುಡ್ಡಿದೆ ಚಾಚಾ. ಫೆಲೋಶಿಪ್ ಬಂದಿದೆ."

"ದುಡ್ಡಿನ ಮಾತು ಯಾರು ತೆಗೆದ್ರು? ಇಲ್ಲಿ ಉಸಿರಿನ ಮಾತು ನಡೀತಿದೆ."

"ನಿಮ್ಗೆ ಕೊಡೋಕೆ ಇಷ್ಟ ಇಲ್ಲ ಅಂದ್ರೆ ಬೇಡ. ಬೇರೆ ಕಡೆ ನೋಡ್ಕೋತೀನಿ."

"ನೋಡ್ಕೋ. ಟೀ ಕುಡ್ಕೊಂಡು ಹೋಗು."

ಕುಡಿಯದೆ ಹೊರಟೆ. ಬಸ್ಸಿನಲ್ಲಿ ಹಲಸೂರು ದಾಟುವವರೆಗೂ ಮನಸ್ಸಿನಲ್ಲೇ ಅವರ ಜೊತೆ ಜಗಳವಾಡಿದೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತುಬಿಟ್ಟಿತು. ಅಕ್ಕಪಕ್ಕದವರ ಮೈ ನನ್ನ ಮೈಗೆ ಒತ್ತುತ್ತಿತ್ತು. ಆಗ ಗಮನಿಸಿದೆ, ನಾನು ಉಸಿರು ಹಿಡಿದುಕೊಂಡು ನಿಂತಿದ್ದೆ. ಕಂಬಿ ಹಿಡಿದ ಕೈಯನ್ನೂ ಮೈಯನ್ನೂ ಎಷ್ಟು ಚಿಕ್ಕದು ಮಾಡಲು ಸಾಧ್ಯವೋ ಅಷ್ಟು ಮಾಡಿಕೊಂಡಿದ್ದೆ. ಯಾರ ಜಾಗವನ್ನೂ ತೆಗೆದುಕೊಳ್ಳಬಾರದು ಅನ್ನುವ ಹಾಗೆ.

ಮನೆಗೆ ಬಂದು ನೋಡುತ್ತೇನೆ, ಅಮ್ಮ ಅನ್ನ ಇನ್ನೂ ಒಂದು ಕುದಿ ಇರುವಾಗಲೇ ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿದಳು. "ಉಳಿದದ್ದು ಬಿಸಿಗೇ ಬೇಯುತ್ತೆ." ತಮ್ಮ ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, ಆ ನೀರನ್ನೂ ಕಾಲಿಂದ ತಡೆದು ಬಚ್ಚಲು ತೊಳೆದ. ಅಪ್ಪ ಅರ್ಧ ಲೋಟ ನೀರು ಕುಡಿದು ಉಳಿದರ್ಧವನ್ನು ಮುಚ್ಚಿಟ್ಟ. ಇದೆಲ್ಲ ದಿನವೂ ನಡೆಯುವುದೇ. ಇದೇ ಉಳಿತಾಯದಲ್ಲಿ ನಾನು ಓದಿದ್ದು. ಇದರ ಮೇಲೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಆದರೆ ಅದು ನನ್ನ ಎದೆಗೂಡಿನ ಒಳಗೂ ಹೋಗಿ ಕೂತಿದೆ ಅಂತ ಯಾವ ಪ್ರೊಫೆಸರೂ ನನಗೆ ಹೇಳಿರಲಿಲ್ಲ.

ನಿಜ ಹೇಳಬೇಕೆಂದರೆ, ನೀರಿನೊಳಗೆ ನನಗಿದ್ದ ಭಯ ಸಾವಿನದಲ್ಲ. ಒಬ್ಬರ ಸಿಲಿಂಡರ್ ಮುಗಿಯುತ್ತಾ ಬಂದರೆ ಜೊತೆಯಲ್ಲಿರುವವರೆಲ್ಲ ಕೆಲಸ ಬಿಟ್ಟು ಮೇಲೆ ಬರಬೇಕು. ಆ ಒಬ್ಬಳು ನಾನಾಗಬಾರದು. ಇವಳಿಂದ ಎಲ್ಲರಿಗೂ ತೊಂದರೆ ಅಂತ ಯಾರೂ ಅನ್ನಬಾರದು. ಅದಕ್ಕೇ ಕಟ್ಟುತ್ತಿದ್ದೆ.

ಮುಂದಿನ ಶನಿವಾರ ಮತ್ತೆ ಅಂಗಡಿಗೆ ಹೋದೆ. ಅವರು ಬಲಗಿವಿ ತಿರುಗಿಸಿ, "ಹೋದ ವಾರದ ಟೀ ಹಂಗೇ ಉಳಿದಿದೆ" ಅಂದರು. ಅಷ್ಟೇ, ಜಗಳದ ಮಾತೇ ಮತ್ತೆ ಬರಲಿಲ್ಲ.

ಮೂರು ಶನಿವಾರ ಅವರ ಸ್ಟೂಲಿನ ಮೇಲೆ ಕೂತು ಉಸಿರಾಡಿದ್ದೇನೆ. ನಗುವವರು ನಗಲಿ. ಡಿಗ್ರಿ ಮಾಡಿದ ಮೇಲೆ ಕಲಿತ ಮೊದಲ ಪಾಠ ಅದು. ಅವರು ಯಾರದೋ ಗೇಜು ಬಿಚ್ಚಿಕೊಂಡು ಕೂತಿರುತ್ತಿದ್ದರು, ಕಿವಿ ಮಾತ್ರ ನನ್ನ ಕಡೆ. ಸದ್ದಿನಲ್ಲೇ ಹಿಡಿಯುತ್ತಿದ್ದರು. "ಕಟ್ಟಿದೆ ನೋಡು... ಬಿಡು. ಬಿಡೋದು ಉದ್ದ ಇರ್ಲಿ... ಅರೆ, ಯಾರಿಗೆ ಉಳಿಸ್ತೀಯ ಮಾ? ಮೇಲೆ ತಂದು ಯಾರಿಗೂ ಹಂಚೋಕಾಗಲ್ಲ. ಎಳ್ಕೋ ಪೂರ್ತಿ. ಗಾಳೀಲಿ ಪಾಲು ಇಲ್ಲ."

ಮೂರನೆಯ ಶನಿವಾರ ನಾನು ಎಷ್ಟು ಹೊತ್ತು ಕೂತೆ ಅಂತ ನನಗೇ ತಿಳಿಯಲಿಲ್ಲ. ಗಲ್ಲಿ, ಜನ, ಬಾಯಲ್ಲಿದ್ದ ರಬ್ಬರು ಎಲ್ಲ ಮರೆತುಹೋಗಿತ್ತು. ಅವರು ಸಿಲಿಂಡರ್ ಬಂದ್ ಮಾಡಿ, "ಹೌ, ಆಯ್ತು. ಬಾಯಲ್ಲಿರೋದು ಮರ್ತುಹೋದ್ರೆ ಅದೇ ನಿನ್ನ ರೆಗ್ಯುಲೇಟರ್" ಅಂದರು. ಗೀರು ಬಿದ್ದ ಅದನ್ನೇ ಕೊಂಡೆ. ಕೊಡುವ ಮುಂಚೆ ಬಾಯಿಗೆ ಕಚ್ಚುವ ರಬ್ಬರನ್ನು ತೆಗೆದು ಚಿಕ್ಕದೊಂದನ್ನು ಹಾಕಿ ದಾರ ಕಟ್ಟಿದರು. ದೊಡ್ಡದನ್ನು ಕಚ್ಚಿ ಕಚ್ಚಿ ದವಡೆ ನೋಯುತ್ತದಂತೆ. "ನಿಂದು ಬಾಯಿ ಚಿಕ್ಕದು. ಮಾತು ದೊಡ್ಡದು" ಅಂದರು.

ಅವತ್ತು ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ದುಡ್ಡು ಕೊಟ್ಟು ಹಳೇದು ತಂದಿದೀಯಲ್ಲೇ. ನಮ್ಮ ಗ್ಯಾಸಿಂದೇ ಇದಕ್ಕಿಂತ ಲಕ್ಷಣವಾಗಿದೆ" ಅಂದಳು.

ಟೀ ಯಾಕೆ ಮುಟ್ಟುತ್ತಿರಲಿಲ್ಲ ಅನ್ನುವುದೂ ಆ ದಿನಗಳಲ್ಲೇ ಗೊತ್ತಾಯಿತು. ಬಂದರಿನಲ್ಲಿ ಇಬ್ಬರ ಜೋಡಿ ಅಂತೆ. ಒಬ್ಬ ಕೆಳಗಿಳಿದರೆ ಇನ್ನೊಬ್ಬ ಮೇಲೆ ಕೂತು ಅವನ ಗುಳ್ಳೆ ನೋಡುತ್ತಿರಬೇಕು. ಗುಳ್ಳೆ ಬರುತ್ತಿದ್ದರೆ ಕೆಳಗಿನವನು ಚೆನ್ನಾಗಿದ್ದಾನೆ ಅಂತ ಅರ್ಥ. ಮೇಲಿರುವವನು ಅವನು ಹೊರಗೆ ಬರುವವರೆಗೆ ಟೀ ಕುಡಿಯುವಂತಿಲ್ಲ. ಕುಡಿಯಲು ಗ್ಲಾಸಿನೊಳಗೆ ನೋಡಬೇಕು, ಅಷ್ಟರಲ್ಲಿ ಗುಳ್ಳೆ ತಪ್ಪಿಹೋಗುತ್ತದೆ. "ಇಪ್ಪತ್ತು ವರ್ಷ ಆರಿದ ಟೀ ಕುಡಿದಿದೀನಿ. ಈಗ ಬಿಸಿದು ಕೊಟ್ರೆ ನಾಲಿಗೆ ಒಪ್ಪಲ್ಲ" ಅನ್ನುತ್ತಿದ್ದರು. ಅಂಗಡಿಯ ಸ್ಟೂಲಿನ ಮೇಲೆ, ಒಣ ನೆಲದಲ್ಲಿ ಉಸಿರಾಡುವ ಗಿರಾಕಿಯೂ ಅವರ ಲೆಕ್ಕದಲ್ಲಿ ನೀರಿನೊಳಗೇ ಇದ್ದ.

ಎರಡನೆಯ ಟ್ರಿಪ್ಪಿನ ಮೊದಲ ದಿನ ನಾನು ಹೆದರಿದ್ದೇ ಆಯಿತು. ಎಲ್ಲರಿಗಿಂತ ಮೊದಲು ನನ್ನ ಸಿಲಿಂಡರಿನ ಗೇಜಿನ ಮುಳ್ಳು ಕೆಂಪಿನ ಹತ್ತಿರ ಬಂತು. ಸನ್ನೆ ಮಾಡಿದೆ. ಮೇಡಂ ಸೇರಿ ಜೊತೆಗಿದ್ದ ಮೂವರೂ ಕೆಲಸ ನಿಲ್ಲಿಸಿ ನನ್ನ ಜೊತೆ ಮೇಲೆ ಬಂದರು. ದೋಣಿಯಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ.

"ತಲೆನೋವು?" ಮೇಡಂ ಕೇಳಿದರು.

"ಇಲ್ಲ ಮೇಡಂ."

"ಹಲಗೆ ಕೊಡು."

ಕೊಟ್ಟೆ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಸಾಲೂ ತುಂಬಿತ್ತು. ಅವರು ತಮ್ಮ ಹಲಗೆಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದರು. ಕಲ್ಲಿನ ಸಂದಿಯಲ್ಲಿದ್ದ ಎರಡು ಮೀನು ಅವರಿಗೆ ತಪ್ಪಿದ್ದವು, ನನ್ನದರಲ್ಲಿದ್ದವು.

"ಮೇಡಂ, ನನ್ನಿಂದ ಎಲ್ಲರೂ ಬೇಗ ಬರಬೇಕಾಯ್ತು..."

"ಗಾಳಿ ಮುಗೀತು, ಬಂದ್ವಿ. ಅದರಲ್ಲೇನಿದೆ? ಮಧ್ಯಾಹ್ನ ಇನ್ನೊಂದ್ಸಲ ಇಳಿಯೋಣ" ಅಂದರು ಅವರು, ಒದ್ದೆ ಕೂದಲು ಹಿಂಡುತ್ತಾ.

ಅಷ್ಟೇ ನಡೆದದ್ದು. ಇಷ್ಟು ಸಣ್ಣ ಮಾತಿಗೆ ನಾನು ಎಷ್ಟು ವರ್ಷ ಉಸಿರು ಹಿಡಿದಿದ್ದೆ ಅಂತ ನೆನೆದರೆ ಈಗ ನಗು ಬರುತ್ತದೆ. ತಮಾಷೆಯೆಂದರೆ, ಉಳಿಸುವುದನ್ನು ಬಿಟ್ಟ ಮೇಲೆ ಕೆಲವೇ ತಿಂಗಳಲ್ಲಿ ನನ್ನ ಸಿಲಿಂಡರ್ ಎಲ್ಲರಷ್ಟೇ ಹೊತ್ತು ಬರತೊಡಗಿತು. ಚಾಚಾಗೆ ಹೇಳಿದರೆ, "ಹೆದರ್ಕೊಂಡಿರೋನಿಗೆ ಜಾಸ್ತಿ ಗಾಳಿ ಬೇಕು, ಅದ್ರಲ್ಲೇನು ಆಶ್ಚರ್ಯ" ಅಂದು ಗೇಜಿನ ಕಡೆ ತಿರುಗಿದರು. ಕೆಲಸ ಸಿಕ್ಕಿತು ಅಂತ ಮೈಸೂರುಪಾಕು ಕೊಟ್ಟಾಗ ಮಾತ್ರ ಡಬ್ಬಿಯ ಮುಚ್ಚಳ ತೆಗೆದು ಎರಡು ತುಂಡು ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಗಲ್ಲಿಯವರಿಗೆಲ್ಲ ಹಂಚುತ್ತಾ, "ನಮ್ಮ ಹುಡುಗಿ. ಸಮುದ್ರದಲ್ಲಿ ಮೀನು ಎಣಿಸ್ತಾಳೆ. ಸರ್ಕಾರಕ್ಕೆ ಲೆಕ್ಕ ಬೇಕಂತೆ" ಅಂದರು. ಸರ್ಕಾರಕ್ಕಲ್ಲ ಅಂತ ಹೇಳಿದರೂ ಕೇಳಲಿಲ್ಲ.

ಆಮೇಲಿನ ಆರು ವರ್ಷವೂ ಮಳೆಗಾಲದಲ್ಲಿ ದೋಣಿ ನಿಂತಾಗ ರೆಗ್ಯುಲೇಟರನ್ನು ಸರ್ವೀಸಿಗೆ ಅವರಲ್ಲಿಗೇ ಒಯ್ದೆ. ಒಮ್ಮೆ ಇಂದಿರಾನಗರದಿಂದ ಒಬ್ಬರು ಬಂದಿದ್ದರು. ಹೊರದೇಶದಿಂದ ತರಿಸಿದ, ಇನ್ನೂ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ರೆಗ್ಯುಲೇಟರ್. ಚಾಚಾ ಸೋಪು ಹಚ್ಚಿ ಕೈ ತೊಳೆದು, ಎಲ್ಲ ಕಡೆ ತಿರುಗಿಸಿ ನೋಡಿ, ಭರಣಿಯಲ್ಲಿ ಮುಳುಗಿಸಿ ಎರಡು ಬೆರಳಿಗೆ ಸರಿಯಾಗಿ ಸುಸ್ಸ್ ಅನ್ನಿಸಿದರು.

"ಹೇಗಿದೆ?"

"ಏ ಒನ್ ಇದೆ ಸಾರ್."

"ಮತ್ತೆ ಯಾಕೆ ಹಾಗೆ ನೋಡ್ತಿದೀರ?"

"ಇದರ ರಬ್ಬರು, ವಾಷರು ಈ ದೇಶದಲ್ಲಿ ಸಿಗಲ್ಲ. ಒಂದ್ವರ್ಷ ಓಡುತ್ತೆ. ಆಮೇಲೆ ಬೀರುನಲ್ಲಿಡಿ. ಬೀರುಗೆ ಚೆನ್ನಾಗಿ ಕಾಣುತ್ತೆ."

ಬಂದವರು ಮುಖ ಕೆಂಪು ಮಾಡಿಕೊಂಡು ಹೋದರು. "ಸ್ವಲ್ಪ ಮೆಲ್ಲಗೆ ಹೇಳ್ಬಾರ್ದಿತ್ತಾ ಚಾಚಾ?" ಅಂದೆ. "ಮೆಲ್ಲಗೆ ಹೇಳಿದ್ರೆ ಅರ್ಥ ಆಗುತ್ತೆ, ನಾಟಲ್ಲ" ಅಂದರು. ಬೈಗುಳ ನನಗೂ ತಪ್ಪುತ್ತಿರಲಿಲ್ಲ. ಉಪ್ಪುನೀರಿನಿಂದ ಬಂದದ್ದನ್ನು ಸಿಹಿನೀರಿನಲ್ಲಿ ನೆನೆಸುವ ಮುಂಚೆ ಸಿಲಿಂಡರಿಗೆ ಕೂಡುವ ತುದಿಗೆ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ನೀರು ಒಳಗೆ ಹೋಗುತ್ತದೆ. ಒಮ್ಮೆ ಮರೆತೆ. ಒಳಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಉಜ್ಜುತ್ತಾ ಅರ್ಧ ಗಂಟೆ ನನ್ನ ಜೊತೆ ಮಾತಾಡಲಿಲ್ಲ. ಅವರ ಮೌನವನ್ನು ತಡೆಯುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ.

ಬೆಂಗಳೂರಿಗೆ ಬಂದ ಮೇಲೆ ಅವರು ಒಮ್ಮೆಯೂ ನೀರಿಗಿಳಿಯಲಿಲ್ಲ. ಸಂಜೆ ಹಲಸೂರು ಕೆರೆಯ ಪಕ್ಕ ನಡೆಯುತ್ತಿದ್ದರು, ಅಷ್ಟೆ. ಕೆರೆಯಲ್ಲಿ ಮೀನು ಬಿಡುವ ಗುಳ್ಳೆಯನ್ನೂ ನಿಂತು ನೋಡುತ್ತಾರೆ ಅಂತ ಸೊಸೆ ನಗುತ್ತಿದ್ದರು.

ಹೋದ ವರ್ಷ ಸರ್ವೀಸಿಗೆ ಹೋದಾಗ ಶಟರ್ ಎಳೆದಿತ್ತು. ಟೀ ಅಂಗಡಿಯವನು, "ಎದೆ ಹಿಡ್ಕೊಂಡಿದೆ. ಮನೇಲೇ ಇದಾರೆ" ಅಂದ. ಹಲಸೂರಿಗೆ ನಡೆದೇ ಹೋದೆ. ಬಾಗಿಲ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಂದರಿನಲ್ಲಿ ಹಡಗುಗಳಿಗೆ ಬಳಿಯುವ ಬಣ್ಣದ ವಾಸನೆ, ಅಂಗಡಿಯ ಹೊಗೆ ಎರಡೂ ಸೇರಿ ಶ್ವಾಸಕೋಶ ತಿಂದಿದ್ದವು. ಮಂಚದ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಅದರ ತಲೆಯಲ್ಲೊಂದು ಗೇಜು, ಕೆಳಗೆ ನೀರು ತುಂಬಿದ ಸಣ್ಣ ಬಾಟಲಿ. ಗಾಳಿ ಆ ನೀರಿನ ಮೂಲಕ ಗುಳ್ಳೆ ಎಬ್ಬಿಸಿಕೊಂಡು ಹಾದು ಮೂಗಿನ ಕೊಳವೆಗೆ ಬರುತ್ತಿತ್ತು.

ನನ್ನನ್ನು ಕಂಡವರೇ ಮೂಗಿನ ಕೊಳವೆ ಕಿತ್ತು, ಕೈ ಚಾಚಿ ನಾಬು ತಿರುಗಿಸಿ ಬಂದ್ ಮಾಡಿದರು. ಗುಳ್ಳೆ ನಿಂತಿತು.

"ಯಾಕೆ ಚಾಚಾ?"

"ಮಾತಾಡುವಾಗ ಯಾಕೆ ವೇಸ್ಟು." ಎರಡು ಪದಕ್ಕೊಮ್ಮೆ ನಿಲ್ಲುತ್ತಿದ್ದರು. "ಇದರ ಗೇಜು ಯಾರು ಆರಿಸಿದ್ದೋ... ದಂಡ. ಮುಳ್ಳು ಅಂಟ್ಕೊಳ್ಳುತ್ತೆ."

ಒಳಗಿನಿಂದ ಸೊಸೆಯ ದನಿ ಬಂತು. "ನೋಡಿ, ದಿನಾ ಇದೇ. ಡಾಕ್ಟರು ಇಡೀ ದಿನ ಹಾಕ್ಕೊಂಡಿರಿ ಅಂದಿದಾರೆ. ಸಿಲಿಂಡರ್ ಬೇಗ ಖಾಲಿ ಆಗ್ಬಿಡುತ್ತಂತೆ, ಹೊತ್ಕೊಂಡು ಬರೋಕೆ ನಮ್ಗೆ ತೊಂದ್ರೆ ಆಗುತ್ತಂತೆ. ನಮ್ಗೇನು ತೊಂದ್ರೆ, ನೀವೇ ಹೇಳಿ."

ಅವರು ಕಳ್ಳನ ಹಾಗೆ ಗೋಡೆಯ ಕಡೆ ನೋಡಿದರು. ತುಟಿಯ ಬಣ್ಣ ತಿರುಗುತ್ತಿತ್ತು. ಎಳೆದುಕೊಳ್ಳುವುದು, ಒಳಗೆ ಹಿಡಿಯುವುದು, ಅರ್ಧ ಬಿಡುವುದು. ನಾನು ಆ ಸದ್ದನ್ನು ಬಲ್ಲೆ.

"ಕ್ಯಾ ಚಾಚಾ" ಅಂದೆ. "ನಿಮ್ಮ ಮನೇಲಿ ಎಷ್ಟು ಜನ?"

ತಿರುಗಿ ನೋಡಿದರು. ಆಮೇಲೆ ಗಡ್ಡದೊಳಗೆ ನಗು ಶುರುವಾಗಿ ಕೆಮ್ಮಾಯಿತು.

"ಐದು."

"ನೀರು?"

"ದಿನಾ ಬರುತ್ತೆ."

"ಮತ್ತೆ ಯಾರಿಗೆ ಉಳಿಸ್ತಿದೀರ?"

ನಾನು ಎದ್ದು, ಬಚ್ಚಲಿಗೆ ಹೋಗಿ, ಸೋಪು ಹಚ್ಚಿ ಬೆರಳ ಸಂದಿಯವರೆಗೂ ಕೈ ತೊಳೆದುಕೊಂಡು ಬಂದೆ. ಅವರು ಅದನ್ನು ಗಮನಿಸಿದರು. ಕೊಳವೆಯನ್ನು ಮೂಗಿಗೆ ಹಾಕಿದಾಗ ಸುಮ್ಮನೆ ಮುಖ ಒಡ್ಡಿದರು. ಡಾಕ್ಟರು ಹೇಳಿದ ಗುರುತಿಗೆ ನಾಬು ತಿರುಗಿಸಿದೆ. ಬಾಟಲಿಯಲ್ಲಿ ಗುಳ್ಳೆ ಎದ್ದವು.

"ಬಿಡೋದು ಉದ್ದ ಇರ್ಲಿ" ಅಂದೆ.

ಸೊಸೆ ಟೀ ತಂದಿಟ್ಟು ಹೋದರು. ಹೊರಗೆ ಮಾರಮ್ಮನ ಗುಡಿಯ ಕಡೆಯಿಂದ ತಮಟೆ ಕೇಳುತ್ತಿತ್ತು, ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಅವರ ಎದೆ ಮೊದಲು ತಡೆದು ತಡೆದು, ಆಮೇಲೆ ನಿಧಾನಕ್ಕೆ, ಪೂರ್ತಿಯಾಗಿ ಏರಿ ಇಳಿಯತೊಡಗಿತು. ತುಟಿಗೆ ಬಣ್ಣ ಬಂತು. ಕಣ್ಣು ಮುಚ್ಚಿದ್ದವರು ಸ್ವಲ್ಪ ಹೊತ್ತಿನ ಮೇಲೆ ಒಂದು ಕಣ್ಣು ತೆರೆದರು.

"ಟೀ ಕುಡಿ ಮಾ. ಆರುತ್ತೆ."

"ಆರ್ಲಿ ಚಾಚಾ. ಗುಳ್ಳೆ ನೋಡ್ತಿದೀನಿ."

"ಹೌ" ಅಂದರು. ಕಣ್ಣು ಮುಚ್ಚಿ, ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡರು. "ನೋಡ್ತಿರು."

ಅವರಿಗೆ ನಿದ್ದೆ ಹತ್ತಿತು. ನಾನು ಹೊರಡುವಾಗಲೂ ಬಾಟಲಿಯಲ್ಲಿ ಗುಳ್ಳೆ ಒಂದರ ಹಿಂದೊಂದು ಏಳುತ್ತ ಇದ್ದವು. ಸೊಸೆಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, ನಿಂತೇ ನನ್ನ ಟೀ ಕುಡಿದೆ. ಕೆನೆ ಕಟ್ಟಿತ್ತು, ತಣ್ಣಗಿತ್ತು. ಪೂರ್ತಿ ಕುಡಿದೆ.